ಗುಡುಗಣ್ಣನ ಹನ್ನೊಂದು ಸೆಕೆಂಡು

ನಮ್ಮ ಕಾಲೇಜಿನ ಸಭಾಂಗಣದಲ್ಲಿ ಮುನ್ನೂರ ಹನ್ನೆರಡು ಕುರ್ಚಿಗಳಿವೆ. ಇದು ನಾನು ಎಣಿಸಿದ ಲೆಕ್ಕವಲ್ಲ, ಅಷ್ಟೂ ಕುರ್ಚಿಗಳ ಮೇಲೆ ಒಂದೊಂದಾಗಿ ಕೂತು ಎದ್ದವರು ಹೇಳಿದ್ದು. ಯಾವುದೇ ಕಾರ್ಯಕ್ರಮವಿರಲಿ, ಅದರ ಹಿಂದಿನ ದಿನ ಗುಡುಗಣ್ಣ ಬಾಗಿಲು ಮುಂದೆ ಮಾಡಿಕೊಂಡು, ಕೈಯಲ್ಲೊಂದು ಸ್ಕ್ರೂಡ್ರೈವರ್ ಹಿಡಿದು ಮೊದಲ ಸಾಲಿನ ಮೊದಲ ಕುರ್ಚಿಯಿಂದ ಶುರುಮಾಡುತ್ತಾರೆ. ಕೂರುತ್ತಾರೆ, ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲುತ್ತಾರೆ, ಕಿವಿಗೊಟ್ಟು ಕೇಳುತ್ತಾರೆ. ಕಿರ್ ಎಂದರೆ ಇಳಿದು, ಮೊಣಕಾಲೂರಿ ಸ್ಕ್ರೂ ಬಿಗಿ ಮಾಡುತ್ತಾರೆ. ಹೀಗೆ ಮಾಡಿ ಎಂದು ಅವರಿಗೆ ಯಾರೂ ಹೇಳಿಲ್ಲ. "ಯಾರಾದ್ರೂ ಮಾತಾಡುವಾಗ ಕುರ್ಚಿ ಕಿರ್ ಅಂದ್ರೆ ಪರವಾಗಿಲ್ಲ ಮೇಡಂ. ಎಲ್ರೂ ಸುಮ್ನಿದ್ದಾಗ ಅಂದ್ರೆ ಇಡೀ ಸಭೆ ಕೆಡುತ್ತೆ" ಎಂಬುದು ಅವರ ಸಿದ್ಧಾಂತ.

ಅವರು ನಮ್ಮ ಸಭಾಂಗಣದ ಉಸ್ತುವಾರಿ. ಬೀಗ, ಪರದೆ, ದೀಪ, ಮೈಕು ಎಲ್ಲ ಅವರ ಸುಪರ್ದಿಯಲ್ಲಿ. ಗುಡುಗಣ್ಣ ಎಂಬ ಹೆಸರು ಬಂದದ್ದು ದನಿಯಿಂದ. ಒಮ್ಮೆ ಮೈಕು ಕೈಕೊಟ್ಟಾಗ ಪ್ರಾಂಶುಪಾಲರ ಪಕ್ಕ ನಿಂತು ಅವರ ಭಾಷಣವನ್ನು ವಾಕ್ಯ ವಾಕ್ಯವಾಗಿ ಇವರೇ ಒದರಿದರು. ಪ್ರಾಂಶುಪಾಲರ ಭಾಷಣ ನಮಗೆ ಅರ್ಥವಾದದ್ದು ಅದೊಂದೇ ಸಲ ಎಂದು ಹುಡುಗರು ಈಗಲೂ ಹೇಳಿಕೊಂಡು ನಗುತ್ತಾರೆ. ಕುರ್ಚಿಯ ಮೇಲೆ ಕಾಲು ಹಾಕಿದವನನ್ನು ಇವರು ಗದರಿದರೆ ಆಚೆ ಕಟ್ಟಡದ ಗ್ರಂಥಾಲಯದಲ್ಲಿ ಕೂತವರೂ ಕಾಲು ಕೆಳಗಿಡುತ್ತಾರೆ. ಇಂಥವರಿಗೆ ಒಬ್ಬಳೇ ಮಗಳು. ಅವಳು ನಮ್ಮಲ್ಲೇ ಓದುತ್ತಾಳೆ. ಅವಳು ಮಾತಾಡಿದರೆ ನಾವು ಮೂರು ಸಲ "ಏನಮ್ಮಾ?" ಎನ್ನಬೇಕು. ಕಾಲೇಜು ಅವಳಿಗಿಟ್ಟ ಹೆಸರು ಪಿಸುಮಾತು.

ಇನ್ನು ನಾನು. ಹತ್ತೊಂಬತ್ತು ವರ್ಷದಿಂದ ಇಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಮುಂಗೋಪಿ ಎಂದು ಹೆಸರು ಪಡೆದಿದ್ದೇನೆ, ಅದು ಸುಮ್ಮನೆ ಬಂದದ್ದೇನಲ್ಲ. ಸಿನಿಮಾ ತೋರಿಸುವ ಚಿತ್ರ ಸಂಘದ ಜವಾಬ್ದಾರಿ ಯಾರಿಗೆ ಎಂದು ತೀರ್ಮಾನಿಸಿದ ದಿನ ನಾನು ಹಲ್ಲುನೋವಿಗೆ ರಜೆ ಹಾಕಿದ್ದೆ. ಮರುದಿನ ಊದಿದ ಕೆನ್ನೆ ಹೊತ್ತು ಬಂದರೆ ಎಲ್ಲರೂ ಕೈಕುಲುಕಿ ಅಭಿನಂದಿಸಿದರು. ಬಾಯಿ ಬಿಡಲಾಗದ ಸ್ಥಿತಿಯಲ್ಲಿದ್ದೆ, ಇಲ್ಲವಾದರೆ ಆ ದಿನವೇ ಎಲ್ಲರಿಗೂ ಒಂದು ಗತಿ ಕಾಣಿಸುತ್ತಿದ್ದೆ.

ಪಿಸುಮಾತು ಒಂದು ಮಧ್ಯಾಹ್ನ ಪ್ರಯೋಗಾಲಯಕ್ಕೆ ಬಂದಳು. ನಾನು ಪಿಪೆಟ್‌ಗಳನ್ನು ತೊಳೆದಿಡುತ್ತಿದ್ದೆ. ನಲ್ಲಿ ನಿಲ್ಲಿಸಿದರಷ್ಟೇ ಅವಳ ಮಾತು ಕೇಳೀತೆಂದು ನಿಲ್ಲಿಸಿದೆ.

"ಮೇಡಂ, ಈ ಸಲ ಸಂಘದಲ್ಲಿ ಒಂದು ಫಿಲಂ ಹಾಕ್ಸಕ್ಕಾಗುತ್ತಾ? ಡಾಕ್ಯುಮೆಂಟರಿ. ಮೂವತ್ತು ವರ್ಷದ ಹಿಂದಿಂದು."

"ಯಾವುದರ ಮೇಲೆ?"

"ಕಾರ್ಖಾನೆ ಗೇಟ್ ಮುಂದೆ ಜನ ಕೂತಿದ್ರಲ್ಲ, ಅದರ ಮೇಲೆ. ಅದರಲ್ಲಿ ನಮ್ಮಮ್ಮ ಇದ್ದಾರಂತೆ."

ಅವಳ ತಾಯಿ ತೀರಿಕೊಂಡಾಗ ಅವಳಿಗೆ ಮೂರು ವರ್ಷ. ಮನೆಯಲ್ಲಿ ತಾಯಿಯದು ಒಂದೇ ಒಂದು ಫೋಟೋ ಇದೆಯಂತೆ, ಅದರಲ್ಲೂ ಕಣ್ಣು ಮುಚ್ಚಿಬಿಟ್ಟಿದ್ದಾರಂತೆ. ದನಿ ಹೇಗಿತ್ತು, ನಡಿಗೆ ಹೇಗಿತ್ತು, ಒಂದೂ ನೆನಪಿಲ್ಲ. ಅಪ್ಪನನ್ನು ಕೇಳಿದಾಗೆಲ್ಲ "ಆ ಫಿಲಂ ಎಲ್ಲೂ ಸಿಗಲ್ಲ ಮಗಾ, ಹಾಳಾಗಿಹೋಗಿದೆ" ಎಂದಿದ್ದಾರೆ. ಆದರೆ ಮೊನ್ನೆ ಗ್ರಂಥಾಲಯದಲ್ಲಿ ಒಂದು ಚಿತ್ರ ಸಂಗ್ರಹಾಲಯದ ಪಟ್ಟಿ ತಿರುವುವಾಗ ಅದರ ಹೆಸರು ಕಣ್ಣಿಗೆ ಬಿದ್ದಿದೆ. ಮೊಬೈಲ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ, ಸಂಸ್ಥೆಯಿಂದ ಪತ್ರ ಹೋದರಷ್ಟೇ ಕೊಡುತ್ತಾರೆ.

"ಗುರುತು ಹಿಡೀತೀಯಾ ಅಮ್ಮನ್ನ?"

"ಎಡಗೆನ್ನೆ ಮೇಲೆ ಮಚ್ಚೆ ಇದೆ ಮೇಡಂ, ಇಷ್ಟು ದೊಡ್ಡದು. ದೊಡ್ಡ ಪರದೆ ಮೇಲೇ ಮೊದಲ ಸಲ ನೋಡಬೇಕು ಅಂತ ಆಸೆ."

ನಾನು ಮತ್ತೆ ನಲ್ಲಿ ತಿರುಗಿಸಿದೆ. ಕಣ್ಣು ಒದ್ದೆಯಾದದ್ದು ವಿದ್ಯಾರ್ಥಿಗಳಿಗೆ ಕಾಣುವುದು ನನ್ನ ಗೌರವಕ್ಕೆ ಒಳ್ಳೆಯದಲ್ಲ.

ಪತ್ರ ಬರೆದೆ, ಫಾರಂ ತುಂಬಿದೆ. ಪ್ರಾಂಶುಪಾಲರು ಅನುಮತಿ ಪತ್ರವನ್ನು ಮೂರು ದಿನ ಮೇಜಿನ ಮೇಲಿಟ್ಟುಕೊಂಡು, "ಗಲಾಟೆ ಗಿಲಾಟೆ ಆಗಲ್ಲ ತಾನೆ?" ಎಂದರು. "ಗಲಾಟೆ ಮಾಡದೇ ಇರೋದು ಹೇಗೆ ಅನ್ನೋದೇ ಚಿತ್ರ, ಸಾರ್" ಎಂದೆ. ಸಹಿ ಹಾಕಿದರು. ಪ್ರಕಟಣೆಯ ಹಾಳೆಯನ್ನು ಗೋಡೆಗೆ ಅಂಟಿಸಿದ್ದು ಗುಡುಗಣ್ಣನೇ. ಓದಿದರೋ ಇಲ್ಲವೋ ಗೊತ್ತಾಗಲಿಲ್ಲ. ನಾಲ್ಕು ಮೂಲೆಗೂ ಸರಿಯಾಗಿ ಅಂಟು ಹಚ್ಚಿ, ಅಂಗೈಯಿಂದ ಒತ್ತಿ ಹೊರಟುಹೋದರು.

ಪ್ರದರ್ಶನಕ್ಕೆ ಮೂರು ದಿನ ಮೊದಲು ಚಿತ್ರ ಬಂತು. ಹಾಕುವ ಮೊದಲು ನೋಡಿಕೊಳ್ಳುವುದು ನನ್ನ ಪದ್ಧತಿ. ಹಿಂದೊಮ್ಮೆ ನೋಡದೆ ಹಾಕಿ ತಲೆ ತಗ್ಗಿಸಿದ್ದೇನೆ, ಅದು ಬೇರೆ ಕತೆ. ಸಿಬ್ಬಂದಿ ಕೋಣೆಯಲ್ಲಿ ಒಬ್ಬಳೇ ಕೂತು ಲ್ಯಾಪ್‌ಟಾಪ್ ತೆರೆದೆ.

ಎಪ್ಪತ್ತೆರಡು ನಿಮಿಷದ ಚಿತ್ರ. ನದಿ ದಡದಲ್ಲೊಂದು ಕಾಗದದ ಕಾರ್ಖಾನೆ. ಅದರ ಕೊಳಕೆಲ್ಲ ನೇರ ನದಿಗೆ. ಆ ನದಿಯ ನೀರನ್ನೇ ಕುಡಿಯುವ ಒಂದು ಕಾಲೊನಿ. ಅರ್ಜಿ ಕೊಟ್ಟೂ ಕೊಟ್ಟೂ ಸಾಕಾದ ಜನ ಒಂದು ಬೆಳಿಗ್ಗೆ ಹೋಗಿ ಗೇಟಿನ ಮುಂದೆ ಕೂತರು. ನಲವತ್ತೊಂದು ದಿನ ಕೂತರು. ಲಾರಿ ಒಳಗೆ ಹೋಗಲಿಲ್ಲ, ಹೊರಗೆ ಬರಲಿಲ್ಲ. ಅವರನ್ನು ಬೈದರು, ಹೆದರಿಸಿದರು, ಒಂದು ದಿನ ಪೊಲೀಸರು ಬಂದು ಲಾಠಿ ಬೀಸಿದರು. ಕೂತಿದ್ದ ನಲವತ್ತು ಚಿಲ್ಲರೆ ಜನರಲ್ಲಿ ಒಬ್ಬರೂ ಕೈ ಎತ್ತಲಿಲ್ಲ, ಒಬ್ಬರೂ ಎದ್ದು ಓಡಲಿಲ್ಲ. ಕೊನೆಗೆ ಕಾರ್ಖಾನೆಯವರೇ ಬಗ್ಗಿದರು, ಕೊಳಕು ನೀರನ್ನು ಶುದ್ಧ ಮಾಡುವ ತೊಟ್ಟಿಗಳನ್ನು ಕಟ್ಟಿಸಿದರು. ಒಬ್ಬ ವಿದ್ಯಾರ್ಥಿ ಆಕಳಿಸಿದರೆ ಕೆಂಡವಾಗುವ ನನಗೆ, ಇದೇನು ಜನ ಇವರು ಅನ್ನಿಸಿತು.

ಮೂವತ್ತೆಂಟನೇ ನಿಮಿಷಕ್ಕೆ ಚಹಾದ ಲೋಟ ಬಾಯಿಯ ಹತ್ತಿರವೇ ನಿಂತಿತು. ಮೊದಲು ಕೇಳಿಸಿದ್ದು ದನಿ. "ಏಳೇ ಮೇಲೆ! ಏಳ್ತೀಯೋ ಇಲ್ಲ ಕಾಲು ಮುರೀಲೋ!" ಖಾಕಿ ಅಂಗಿಯ ಎತ್ತರದ ಯುವಕನೊಬ್ಬ ನೆಲದ ಮೇಲೆ ಕೂತ ಹುಡುಗಿಯ ಕೆನ್ನೆಗೆ ಛಟೀರೆಂದು ಬಾರಿಸಿದ. ಅವಳ ಮುಖ ಪಕ್ಕಕ್ಕೆ ತಿರುಗಿತು, ಮತ್ತೆ ಅವನ ಕಡೆಗೇ ಬಂತು. ಕೆನ್ನೆ ಮುಟ್ಟಿಕೊಳ್ಳಲೂ ಅವಳು ಕೈ ಎತ್ತಲಿಲ್ಲ. ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಎಡಗೆನ್ನೆಯ ಮೇಲೆ ಮಚ್ಚೆ. ಹನ್ನೊಂದು ಸೆಕೆಂಡು, ಅಷ್ಟೇ. ಇಡೀ ಚಿತ್ರದಲ್ಲಿ ಹೊಡೆತ ಕಣ್ಣಿಗೆ ಕಾಣುವುದು ಅದೊಂದೇ ಕಡೆ. ಅವಳು ಕಾಣಿಸುವುದೂ ಅಲ್ಲೇ, ಅಷ್ಟೇ.

ಆರು ಸಲ ಹಿಂದೆ ಹಾಕಿ ನೋಡಿದೆ. ಮೀಸೆ ತೆಗೆದು, ಕೂದಲಿಗೆ ನರೆ ಹಚ್ಚಿ, ಹೊಟ್ಟೆ ಸ್ವಲ್ಪ ಮುಂದೆ ತಂದರೆ ಬೇರೆ ಯಾರೂ ಅಲ್ಲ. ಆ ದನಿಯಂತೂ ಜಗತ್ತಿನಲ್ಲಿ ಇನ್ನೊಬ್ಬರಿಗೆ ಇರಲಾರದು.

ಆಮೇಲಿನ ಎರಡು ದಿನದ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಪೊಲೀಸಿನವನಾಗಿದ್ದು, ಹೆಣ್ಣುಮಗಳ ಮೇಲೆ ಕೈ ಮಾಡಿ, ಅವಳನ್ನೇ ಅದು ಹೇಗೋ ಕಟ್ಟಿಕೊಂಡು, ಎಲ್ಲ ಮುಚ್ಚಿಟ್ಟು ಇಲ್ಲಿ ಬಂದು ಒಳ್ಳೆಯವನ ಹಾಗೆ ಕುರ್ಚಿ ಒರೆಸುತ್ತಿದ್ದಾನಲ್ಲ ಎಂದು ಒಳಗೊಳಗೇ ಕುದಿದೆ. ಮನಸ್ಸಿನಲ್ಲಿ 'ಅವರು' ಹೋಗಿ 'ಅವನು' ಆಗಿದ್ದ. ಎದುರಿಗೆ ಸಿಕ್ಕು "ನಮಸ್ಕಾರ ಮೇಡಂ" ಎಂದರೆ ಗೋಡೆ ಗಡಿಯಾರ ನೋಡಿದೆ. ಪ್ರದರ್ಶನದ ಹಿಂದಿನ ದಿನ ಮಧ್ಯಾಹ್ನ, ಅದು ರದ್ದು ಎಂದು ಮುಖಕ್ಕೆ ಹೇಳಿ ಬರೋಣವೆಂದು ಸಭಾಂಗಣದ ಬಾಗಿಲು ತಳ್ಳಿದೆ. ಅವರು ಮೂರನೇ ಸಾಲಿನಲ್ಲಿದ್ದರು.

"ನಾಳೆ ಚಿತ್ರ ಹಾಕ್ತಿಲ್ಲ" ಎಂದೆ.

"ನೋಡಿದ್ರಾ ಮೇಡಂ?"

"ನೋಡಿದೆ."

"ಮೂವತ್ತೆಂಟನೇ ನಿಮಿಷ" ಎಂದು ಪಕ್ಕದ ಕುರ್ಚಿಗೆ ಸರಿದರು. ವಾಲಿ ನೋಡಿದರು. ಸದ್ದಿಲ್ಲ. "ನಾನು ಪೊಲೀಸ್ ಆಗಿರ್ಲಿಲ್ಲ ಮೇಡಂ. ಆ ಅಂಗಿ ನಮ್ಮ ಸೋದರಮಾವಂದು. ಮಾವ ಬಸ್ ಡ್ರೈವರ್."

ಅವರು ಕುರ್ಚಿಯಿಂದ ಕುರ್ಚಿಗೆ ಸರಿಯುತ್ತಾ ಹೇಳಿದರು, ನಾನು ಕುರ್ಚಿಗಳ ನಡುವಿನ ಓಣಿಯಲ್ಲಿ ನಿಂತು, ಒಂದೊಂದೇ ಸಾಲು ಹಿಂದಕ್ಕೆ ಹೋಗುತ್ತಾ ಕೇಳಿದೆ. ಆ ಕಾಲೊನಿಯಲ್ಲಿ ಒಬ್ಬರು ಟೀಚರಮ್ಮ ಇದ್ದರು. ಗೇಟಿನ ಮುಂದೆ ಕೂರುವ ಯೋಚನೆ ಅವರದು. ಸುಮ್ಮನೆ ಏಟು ತಿನ್ನುವುದು ಬಾಯಲ್ಲಿ ಹೇಳಿದರೆ ಬರುವುದಿಲ್ಲ, ಮೈಗೆ ಬರಬೇಕು ಎಂದು ಎರಡು ತಿಂಗಳು ಮೊದಲೇ ಶಾಲೆಯ ಹಿಂದಿನ ಅಂಗಳದಲ್ಲಿ ಅಭ್ಯಾಸ ಶುರುಮಾಡಿದರು. ತೋಳಿಗೆ ತೋಳು ಸೇರಿಸಿ ಕೂರುವುದು ಹೇಗೆ, ಎಳೆದರೆ ಮೈಯನ್ನು ಹಿಟ್ಟಿನ ಮೂಟೆಯ ಹಾಗೆ ಸಡಿಲ ಬಿಡುವುದು ಹೇಗೆ, ತಾಯಿ ತಂಗಿ ಎತ್ತಿ ಬೈದರೆ ಉಸಿರು ಹೇಗೆ ಆಡಿಸಬೇಕು, ಎಲ್ಲ. ಅದಕ್ಕೆ ಬೈಯುವವರು, ಎಳೆಯುವವರು, ಹೊಡೆಯುವವರು ಬೇಕು. ಅಕ್ಕಪಕ್ಕದ ಮನೆಯವರನ್ನು ಬೈಯಲು ಯಾರಿಗೂ ಬಾಯಿ ಬಾರದು, ಬೈಯಹೋಗಿ ನಕ್ಕುಬಿಡುವರು. ಒಂದು ದಿನ ಇವರು ತಮಾಷೆಗೆಂದು ಹಿಂದಿನಿಂದ ಒಮ್ಮೆ ಗುಡುಗಿದರು. ಕೂತಿದ್ದ ಇಡೀ ಸಾಲು ಬೆಚ್ಚಿಬಿತ್ತು, ಇಬ್ಬರು ಅತ್ತೇಬಿಟ್ಟರು. ಟೀಚರಮ್ಮ ಬಂದು ಇವರ ತೋಳು ಹಿಡಿದುಕೊಂಡರು. "ನೀನೇ" ಎಂದರು.

"ಮೊದಮೊದಲು ಸುಮ್ನೆ ಕೈ ಬೀಸ್ತಿದ್ದೆ. ಇವಳಿದ್ದಳಲ್ಲ, ಆಗ ಮದುವೆ ಏನೂ ಇಲ್ಲ, ಹೊಲಿಗೆ ಕೆಲಸ ಮಾಡ್ಕೊಂಡಿದ್ಲು, ಇವಳು ರೇಗಿದ್ಲು. 'ಹೀಗೆ ಸವರಿದ್ರೆ ನಾನೇನು ಕಲೀತೀನಿ? ನಾಳೆ ಅಲ್ಲಿ ಬರೋರು ಸವರೋಕೆ ಬರ್ತಾರಾ? ಹೊಡಿ' ಅಂದ್ಲು. ಹೊಡೆದೆ."

ಫೋಟೋ ಸ್ಟುಡಿಯೋದವನೊಬ್ಬ ಅಭ್ಯಾಸವನ್ನೆಲ್ಲ ವಿಡಿಯೋ ಮಾಡುತ್ತಿದ್ದ. ತಮ್ಮ ತಪ್ಪು ತಮಗೇ ಕಾಣಲಿ ಎಂದು ಕೂರುವವರಿಗೆ ತೋರಿಸಲು. ಮುಂದೆ ಗೇಟಿನ ಮುಂದೆ ನಿಜವಾಗಿ ಲಾಠಿ ಬಿದ್ದ ದಿನ ಪೊಲೀಸರು ಮೊದಲು ಒಡೆದದ್ದೇ ಅವನ ಕ್ಯಾಮೆರಾವನ್ನು. ಒಂದು ವರ್ಷದ ಮೇಲೆ ಚಿತ್ರ ಮಾಡುವವರು ದೂರದಿಂದ ಬಂದರು. ಅವನ ಹತ್ತಿರವಿದ್ದ ಅಂಗಳದ, ಗೇಟಿನ ಟೇಪುಗಳನ್ನೆಲ್ಲ ಚೀಲದಲ್ಲಿ ತುಂಬಿಕೊಂಡು ಹೋದರು. ಮೇಲೆ ಅಂಟಿಸಿದ್ದ ಚೀಟಿಗಳು ನೆನೆದು ಅಳಿಸಿದ್ದವು. ಅಭ್ಯಾಸ ಅಷ್ಟು ಚೆನ್ನಾಗಿತ್ತು, ಅದನ್ನು ಅಭ್ಯಾಸವೆಂದು ಅನುಮಾನಿಸಲು ಯಾರಿಗೂ ಕಾರಣವೇ ಇರಲಿಲ್ಲ.

"ಟೀವೀಲಿ ಬಂದ ದಿನ ಇಡೀ ಕಾಲೊನಿ ಒಂದೇ ಮನೇಲಿ ಸೇರಿತ್ತು. ನಾನು ಬಂದಾಗ ಎಲ್ರೂ ಬಿದ್ದೂ ಬಿದ್ದೂ ನಕ್ರು ಮೇಡಂ. ಟೀಚರಮ್ಮ ಒಬ್ರು ನಗಲಿಲ್ಲ."

ನಗುವ ಹಾಗಿರಲಿಲ್ಲ. ಹೊಡೆದ ಪೊಲೀಸರ ಮೇಲಿನ ಮೊಕದ್ದಮೆ ಆಗ ಕೋರ್ಟಿನಲ್ಲಿತ್ತು. ಅಲ್ಲಿ ಯಾರೂ ಯಾರಿಗೂ ಹೊಡೆದೇ ಇಲ್ಲ ಎಂದು ಎದುರು ಪಕ್ಷದ ವಕೀಲರು ವಾದಿಸುತ್ತಿದ್ದರು. ಟೀವಿಯಲ್ಲಿ ಬಂದದ್ದು ಅಭ್ಯಾಸ ಎಂದು ಬಾಯಿಬಿಟ್ಟರೆ, ಮುರಿದ ಮೂಳೆಗಳನ್ನೂ ನಾಟಕ ಎನ್ನಲು ಅವರಿಗೆ ಎಷ್ಟು ಹೊತ್ತು? ಟೀಚರಮ್ಮ ಇವರ ಮನೆಗೆ ಬಂದು ಕೂತು, "ನಿಜ ಹೇಳಬೇಕು, ಅದು ನಮ್ಮ ಮೊದಲನೇ ನಿಯಮ. ಆದರೆ ಆ ಮುಖ ನಿಂದು. ನೀನು ಹೂಂ ಅಂದ್ರೆ ನಾಳೆನೇ ಹೋಗಿ ಹೇಳಿಬಿಡ್ತೀನಿ, ಆಗೋದಾಗಲಿ" ಎಂದರಂತೆ. ಮೊಕದ್ದಮೆ ಮುಗಿಯುವವರೆಗೆ ಬೇಡ ಎಂದವರು ಇವರೇ. ಅದು ಮುಗಿಯಲು ಆರು ವರ್ಷ ಹಿಡಿಯಿತು. ಅಷ್ಟರಲ್ಲಿ ಚಿತ್ರದ ನಿರ್ದೇಶಕರೂ ಇರಲಿಲ್ಲ, ಟೀಚರಮ್ಮನೂ ಇರಲಿಲ್ಲ.

"ಲಾಠಿ ಬಿದ್ದ ದಿನ ನೀವು ಎಲ್ಲಿದ್ರಿ?" ಎಂದು ಕೇಳಿದೆ. ನನ್ನ ಬಾಯಲ್ಲಿ ಬಹುವಚನ ತಾನಾಗಿ ವಾಪಸ್ಸು ಬಂದಿತ್ತು.

ಅವರು ಬಗ್ಗಿ ಒಂದು ಸ್ಕ್ರೂ ತಿರುಗಿಸಿದರು. ತಿರುಗಿಸುತ್ತಲೇ ಇದ್ದರು. "ಶಾಲೆ ತಾರಸಿ ಮೇಲೆ. ನಂಗೆ ಅಲ್ಲಿ ಕೂರೋಕೆ ಬಿಡ್ಲಿಲ್ಲ ಮೇಡಂ. 'ನಿನ್ನ ಕೈ ಎರಡು ತಿಂಗಳು ಹೊಡೆಯೋದನ್ನೇ ಕಲಿತಿದೆ. ನಿನ್ನ ಪಕ್ಕದವಳಿಗೆ ಏಟು ಬಿದ್ರೆ ಅದು ನಿನ್ನ ಕೇಳದೇ ಮೇಲೇಳುತ್ತೆ. ಒಂದೇ ಒಂದು ಕೈ ಎದ್ರೂ ಎಲ್ಲರದೂ ಮಣ್ಣುಪಾಲು' ಅಂದ್ರು ಟೀಚರಮ್ಮ. ನಲವತ್ತೊಂದು ದಿನಾನೂ ಕೂತವರ ಮಕ್ಕಳನ್ನ ಶಾಲೆಗೆ ಬಿಟ್ಟು ಕರ್ಕೊಂಡು ಬಂದೆ. ಅಷ್ಟೇ ನನ್ನ ಕೆಲಸ."

ಎಲ್ಲರನ್ನೂ ಗಟ್ಟಿ ಮಾಡಿದವನನ್ನೇ ಹೊರಗೆ ನಿಲ್ಲಿಸಿದ್ದರು. ಎಲ್ಲರೂ ನೋಡಿದ ಚಿತ್ರದಲ್ಲಿ ದುಷ್ಟ ಇವರು, ಯಾರೂ ಚಿತ್ರ ತೆಗೆಯದ ನಿಜದಲ್ಲಿ ಇವರು ಇಲ್ಲವೇ ಇಲ್ಲ.

"ಮದುವೆ ಆದ್ಮೇಲೆ ಬೇರೆ ಊರಿಗೆ ಬಂದ್ವಿ. ಒಂದಿನ ಮಾರ್ಕೆಟ್‌ನಲ್ಲಿ ಒಬ್ಬನೇ ತರಕಾರಿ ತಗೋತಿದ್ದೆ. ನಾಲ್ಕು ಜನ ಸುತ್ತಿಕೊಂಡ್ರು. 'ಇವನೇ ಕಣ್ರೋ ಆ ಹುಡುಗಿಗೆ ಹೊಡೆದೋನು' ಅಂತ. ಅದು ಬರೀ ಅಭ್ಯಾಸ ಅನ್ನಬಹುದಿತ್ತು, ಆದ್ರೆ ಕೇಸ್ ಇನ್ನೂ ನಡೀತಿತ್ತು. ಎರಡು ಹಲ್ಲು ಹೋಯ್ತು, ಇಲ್ಲಿ ನೋಡಿ." ತುಟಿ ಎತ್ತಿ ತೋರಿಸಿದರು. ನಕ್ಕಾಗ ಕಾಣುವ ಆ ಸಂದನ್ನು ನಾನು ಎಷ್ಟೋ ಸಲ ನೋಡಿದ್ದೆ. "ಆದ್ರೆ ಒಂದು ಮಾತು ಮೇಡಂ. ಟೀಚರಮ್ಮ ನನ್ನ ಕೈ ಬಗ್ಗೆ ಹೇಳಿದ್ದು ತಪ್ಪು. ಅದು ಏಳಲಿಲ್ಲ."

ನಾನು ಕೂತುಬಿಟ್ಟೆ. ಹತ್ತಿರವಿದ್ದ ಕುರ್ಚಿ ಕಿರ್ ಎಂದಿತು. ಅವರು ತಕ್ಷಣ ಬಂದು, "ಏಳಿ ಮೇಡಂ, ಇದೊಂದು ಬಾಕಿ" ಎಂದು ನನ್ನನ್ನು ಎಬ್ಬಿಸಿ ಅದನ್ನೂ ಬಿಗಿ ಮಾಡಿದರು. ಹತ್ತೊಂಬತ್ತು ವರ್ಷ ದಿನಾ ನೋಡಿದ ಮನುಷ್ಯ. ಮೈಕು ಸರಿಯಿಲ್ಲವೆಂದು ಎಷ್ಟೋ ಸಲ ನಾನು ರೇಗಿದ್ದೇನೆ, ಎರಡು ದಿನದಿಂದ ಮುಖ ತಿರುಗಿಸಿಕೊಂಡು ಓಡಾಡಿದ್ದೇನೆ. ಅದನ್ನೂ ಅವರು ಹೊಟ್ಟೆಗೆ ಹಾಕಿಕೊಂಡು ಕುರ್ಚಿ ಬಿಗಿ ಮಾಡುತ್ತಿದ್ದಾರೆ. ಅವರ ಮುಂದೆ ನಿಲ್ಲಲು ನನಗೆ ಸಂಕೋಚವಾಯಿತು, ಹಾಗೆಯೇ ಅವರ ಮುಂದೆ ನಿಂತಿರುವುದೇ ಒಂದು ಭಾಗ್ಯವೆಂದೂ ಅನ್ನಿಸಿತು.

"ಮಗಳಿಗೆ ಯಾಕೆ ಹೇಳ್ಲಿಲ್ಲ?" ಎಂದೆ.

"ಅವರಮ್ಮ ಕಣ್ಣು ಬಿಟ್ಟು ನೋಡೋದು ಈ ಭೂಮಿ ಮೇಲೆ ಉಳಿದಿರೋದು ಹನ್ನೊಂದು ಸೆಕೆಂಡು. ಅದರಲ್ಲೂ ಪಕ್ಕದಲ್ಲಿ ನಾನು ನಿಂತು ಹೊಡೀತಿದೀನಿ. ಹೇಗೆ ತೋರಿಸಲಿ? ಹಾಳಾಗಿದೆ ಅಂತ ಸುಳ್ಳು ಹೇಳಿದೆ."

"ಹಾಗಾದ್ರೆ ಇವತ್ತೇ ಹೇಳಿಬಿಡಿ, ನೋಡೋ ಮೊದಲು. ಇಲ್ಲ ನಾನು ಹೇಳ್ತೀನಿ."

"ಬೇಡ ಮೇಡಂ." ದನಿ ಏರಿತು, ಖಾಲಿ ಸಭಾಂಗಣ ಮಾರ್ದನಿಸಿತು. ಅವರೇ ಬೆಚ್ಚಿ ದನಿ ತಗ್ಗಿಸಿದರು. "ಮೊದಲೇ ಹೇಳಿದ್ರೆ ಅವಳು ನನ್ನನ್ನ ನೋಡ್ತಾಳೆ. ಅಪ್ಪ ಹೇಗಿದ್ದ, ನಿಜವಾಗಿ ಹೊಡೆದ್ನಾ, ಅಂತ. ಅವರಮ್ಮನ್ನ ನೋಡಲಿ. ಇರೋದೇ ಹನ್ನೊಂದು ಸೆಕೆಂಡು, ಅದರಲ್ಲಿ ನಂಗ್ಯಾಕೆ ಪಾಲು? ಎಲ್ಲಾ ಮುಗಿದ ಮೇಲೆ ನಾನೇ ಎಲ್ರ ಮುಂದೆ ಹೇಳ್ತೀನಿ."

"ಅದು ಆದ್ಮೇಲೆ ಚಿತ್ರ ಇನ್ನೂ ಮೂವತ್ತನಾಲ್ಕು ನಿಮಿಷ ಇದೆ. ಅಷ್ಟು ಹೊತ್ತು ಅವಳು ನಿಮ್ಮ ಬಗ್ಗೆ ಏನಂದ್ಕೊಂಡು ಕೂತಿರ್ತಾಳೆ, ಯೋಚನೆ ಮಾಡಿದ್ದೀರಾ?"

"ಮಾಡಿದೀನಿ" ಎಂದು ಮುಂದಿನ ಕುರ್ಚಿಗೆ ಸರಿದರು.

ಆ ಸಂಜೆ ನಾನು ಸುಮ್ಮನೆ ಕೂರಲಾಗದೆ ಸಂಗ್ರಹಾಲಯಕ್ಕೆ ಫೋನು ಮಾಡಿ, ಚಿತ್ರದ ಸಂಕಲನ ಮಾಡಿದವರ ನಂಬರು ಪಡೆದೆ. ಈಗ ಅವರು ನಿವೃತ್ತರಾದ ಹಿರಿಯ ಹೆಂಗಸು. ನಾನು ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದರು. "ಆ ದೃಶ್ಯ ಕತ್ತರಿಸಿದ್ದು ನಾನು. ಆ ಮನುಷ್ಯನ್ನ ಎಷ್ಟು ಶಪಿಸಿದೀನಿ ಗೊತ್ತಾ ನಿಮಗೆ? ಮೇಜಿನ ಮುಂದೆ ಕೂತು ದಿನಾ ಶಪಿಸಿದೀನಿ" ಎಂದರು. ಆಮೇಲೆ, ಏಟಿನ ಹಿಂದೆ ಮುಂದೆ ಚಿತ್ರ ಅಲುಗಾಡುತ್ತಿತ್ತೆಂದು ಪೂರ್ತಿ ನೋಡದೆಯೇ ತಾವು ಬಿಟ್ಟಿದ್ದ ಭಾಗವೂ ಆ ಟೇಪಿನಲ್ಲಿದೆ, ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿಟ್ಟಿದ್ದೇನೆ, ಹುಡುಕುತ್ತೇನೆ ಎಂದರು.

ಮರುದಿನ ಬೆಳಿಗ್ಗೆ ಹತ್ತಕ್ಕೆ ನಾಲ್ಕು ನಿಮಿಷದ ಒಂದು ತುಣುಕು ಬಂತು. ಪ್ರಯೋಗಾಲಯದ ತಕ್ಕಡಿ ಕೋಣೆಯ ಬಾಗಿಲು ಹಾಕಿಕೊಂಡು ನೋಡಿದೆ. ಮುಖ ತೊಳೆದುಕೊಂಡು ಸಭಾಂಗಣಕ್ಕೆ ಹೋದೆ. ಗುಡುಗಣ್ಣ ಏಣಿ ಹತ್ತಿ ಕಿಟಕಿಗಳಿಗೆ ಕಪ್ಪು ಪರದೆ ಬಿಗಿಯುತ್ತಿದ್ದರು.

"ಆ ದಿನದ ಅಭ್ಯಾಸದ ಟೇಪು ಸಿಕ್ಕಿದೆ. ನಿಮ್ಮ ಮಾತಾದ ಮೇಲೆ ಹಾಕಲಾ?" ಎಂದು ಕೆಳಗಿನಿಂದ ಕೇಳಿದೆ. ಅದರಲ್ಲೇನಿದೆ ಎಂದು ಹೇಳಲಿಲ್ಲ. ಹೇಳಬೇಕಾದವಳು ನಾನಲ್ಲ.

"ಅವಳಿದ್ದಾಳಾ ಅದರಲ್ಲಿ?"

"ಇದ್ದಾರೆ."

"ಹಾಗಾದ್ರೆ ಹಾಕಿ."

ಮೂರು ಗಂಟೆಗೆ ಶುರುವಾಯಿತು. ಉಚಿತ ಬಿಸ್ಕತ್ತು ಇದೆ ಎಂದು ಯಾರೋ ಸುದ್ದಿ ಹಬ್ಬಿಸಿದ್ದರಿಂದ ಸಭಾಂಗಣ ತುಂಬಿ ಗೋಡೆಗೊರಗಿಯೂ ನಿಂತಿದ್ದರು. ಬಿಸ್ಕತ್ತು ಇರಲಿಲ್ಲ, ಆದರೂ ಯಾರೂ ಹೋಗಲಿಲ್ಲ. ಪಿಸುಮಾತು ಮೊದಲ ಸಾಲಿನ ನಡುವೆ ಕೂತಿದ್ದಳು. ನಾನು ಪಕ್ಕದ ಗೋಡೆಯ ಹತ್ತಿರ ಲ್ಯಾಪ್‌ಟಾಪ್ ಇಟ್ಟುಕೊಂಡಿದ್ದೆ. ಅಲ್ಲಿಂದ ಅವಳ ಮುಖವೂ ಕಾಣುತ್ತಿತ್ತು, ಹಿಂದೆ ದೀಪದ ಸ್ವಿಚ್ಚುಗಳ ಪಕ್ಕ ನಿಂತ ಅವಳ ಅಪ್ಪನೂ ಕಾಣುತ್ತಿದ್ದರು.

ಮೂವತ್ತೆಂಟನೇ ನಿಮಿಷ ಬಂತು. ಆ ದನಿ ಸಭಾಂಗಣದಲ್ಲಿ ಮೊಳಗಿದ ಕೂಡಲೇ ಹಿಂದಿನ ಸಾಲುಗಳಲ್ಲಿ ಒಂದಿಬ್ಬರು ತಲೆ ತಿರುಗಿಸಿದರು. ಏಟು ಬಿದ್ದಾಗ "ಥೂ!" ಎಂದು ಯಾರೋ ಕೂಗಿದರು, ಇನ್ಯಾರೋ ಕೆಟ್ಟದಾಗಿ ಬೈದರು. ಪಿಸುಮಾತು ಅರ್ಧ ಎದ್ದು ನಿಂತಳು. ಪರದೆಯ ಬೆಳಕು ಅವಳ ಮುಖದ ಮೇಲೆಲ್ಲ ಬಿದ್ದಿತ್ತು. ಅವಳು ರೆಪ್ಪೆ ಬಡಿಯಲಿಲ್ಲ. ಆ ಹನ್ನೊಂದು ಸೆಕೆಂಡೂ ಅವಳು ನೋಡಿದ್ದು ಒಂದೇ ಮುಖವನ್ನು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ದೃಶ್ಯ ಬದಲಾಯಿತು. ಅವಳು ಕೂತಳು. ಆಮೇಲೆ ನಿಧಾನವಾಗಿ ಹಿಂದಕ್ಕೆ ತಿರುಗಿ, ಮುನ್ನೂರು ತಲೆಗಳ ಆಚೆ, ತನ್ನ ಅಪ್ಪನನ್ನು ನೋಡಿದಳು.

ಗುಡುಗಣ್ಣ ಕತ್ತಲಿಗೆ ಸರಿದುಕೊಳ್ಳಬಹುದಿತ್ತು. ಸರಿಯಲಿಲ್ಲ. ಬಾಗಿಲ ಮೇಲಿನ ಸಣ್ಣ ಹಸಿರು ದೀಪದ ಕೆಳಗೆ, ಕೈ ಹಿಂದೆ ಕಟ್ಟಿಕೊಂಡು, ಮಗಳ ನೋಟವನ್ನು ತಲೆಯೆತ್ತಿಯೇ ತಡೆದುಕೊಂಡು ನಿಂತರು. ಅವಳು ಮತ್ತೆ ಪರದೆಯ ಕಡೆ ತಿರುಗಿದಳು. ಮೂವತ್ತನಾಲ್ಕು ನಿಮಿಷ ಅವಳ ಬೆನ್ನು ಕುರ್ಚಿಗೆ ತಾಗಲಿಲ್ಲ, ಇವರು ನಿಂತ ಜಾಗದಿಂದ ಕದಲಲಿಲ್ಲ. ನಲವತ್ತೊಂದು ದಿನ ಕೂತವರನ್ನು ಪರದೆಯ ಮೇಲೆ ಎಲ್ಲರೂ ನೋಡುತ್ತಿದ್ದರು. ನಾನು ಮಾತ್ರ ಹಿಂದೆ ನಿಂತ ಈ ಮನುಷ್ಯನನ್ನು ನೋಡುತ್ತಿದ್ದೆ. ಅಂಥ ನಿಲುವನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಚಿತ್ರ ಮುಗಿದು ಚಪ್ಪಾಳೆಯಾಯಿತು. ದೀಪ ಹತ್ತಿತು. ಗುಡುಗಣ್ಣ ಓಣಿಯಲ್ಲಿ ನಡೆದು ಮುಂದೆ ಬಂದು ನಿಂತರು. ಮೈಕು ಕೊಡಹೋದೆ, ಬೇಡವೆಂದರು.

"ಆ ಖಾಕಿ ಅಂಗಿಯವನು ನಾನು. ಪೊಲೀಸ್ ಅಲ್ಲ. ಅದು ಗೇಟೂ ಅಲ್ಲ, ಶಾಲೆ ಅಂಗಳ. ಹೊಡೆಸ್ಕೊಳ್ಳೋದು ಕಲಿಯೋಕೆ ಅವ್ರಿಗೆ ಒಬ್ಬ ಹೊಡೆಯೋನು ಬೇಕಿತ್ತು, ನನ್ನ ದನಿ ದೊಡ್ಡದು ಅಂತ ನನ್ನ ಹಾಕ್ಕೊಂಡ್ರು. ಫಿಲಂನವರಿಗೆ ಇದು ಗೊತ್ತಿರ್ಲಿಲ್ಲ. ಅಲ್ಲಿ ನಿಜವಾಗಿ ಏಟು ತಿಂದವರ ನೋವು ಸುಳ್ಳಲ್ಲ, ಅದನ್ನ ನೀವು ಮರೀಬಾರ್ದು." ಮಗಳ ಕಡೆ ತಿರುಗಿದರು. "ಫಿಲಂ ಹಾಳಾಗಿದೆ ಅಂತ ನಿಂಗೆ ಹೇಳಿದ್ದು ಮಾತ್ರ ಸುಳ್ಳು ಮಗಾ. ಅದು ನನ್ನ ತಪ್ಪು."

ಅಷ್ಟೇ ಹೇಳಿ ಬಂದ ದಾರಿಯಲ್ಲೇ ವಾಪಸ್ಸು ನಡೆದರು. ಇಷ್ಟು ಜನರಿದ್ದ ಸಭಾಂಗಣದಲ್ಲಿ ಒಂದು ಕೆಮ್ಮೂ ಇಲ್ಲ, ಒಂದು ಕುರ್ಚಿಯ ಸದ್ದೂ ಇಲ್ಲ. ದೀಪ ಆರಿತು. ನಾನು ತುಣುಕು ಹಾಕಿದೆ.

ಅದೇ ಅಂಗಳ, ಅದೇ ಏಟು. ಆದರೆ ಈಗ ಚಿತ್ರ ನಿಲ್ಲಲಿಲ್ಲ, ಮುಂದುವರಿಯಿತು. ಏಟು ಕೊಟ್ಟ ಯುವಕ ತನ್ನ ಅಂಗೈ ನೋಡಿಕೊಂಡ. ಇನ್ನೊಂದು ಕೈಯಲ್ಲಿದ್ದ ಕೋಲು ಬಿಸಾಕಿದ. "ನನ್ನ ಕೈಲಾಗಲ್ಲ, ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಎಂದು, ಅಂಗಿಯ ತೋಳಿನಲ್ಲಿ ಕಣ್ಣೊರೆಸುತ್ತಾ ಚಿತ್ರದಿಂದ ಆಚೆ ನಡೆದುಬಿಟ್ಟ. ಹುಡುಗಿ ಅವನು ಹೋದ ಕಡೆಗೆ ನೋಡಿದಳು. ಆಗ ಕೆನ್ನೆ ಮುಟ್ಟಿಕೊಂಡಳು.

ಕ್ಯಾಮೆರಾ ಹಿಡಿದವನ ದನಿ ಕೇಳಿತು. "ಅಕ್ಕಾ, ನೋವಾಯ್ತಾ?"

"ಆಗದೇ ಇರುತ್ತಾ? ಕೈ ನೋಡು ಅವನ್ದು, ಮೊರದಗಲ ಇದೆ" ಎಂದು ನಕ್ಕಳು. ನಗುವಾಗ ಮಚ್ಚೆ ಮೇಲಕ್ಕೆ ಹೋಯಿತು. ಆಮೇಲೆ ಕ್ಯಾಮೆರಾದ ಹತ್ತಿರ ಬಗ್ಗಿ, ಗುಟ್ಟು ಹೇಳುವವಳ ಹಾಗೆ ಅಂದಳು. "ಒಂದು ಹೇಳ್ತೀನಿ, ಅವನಿಗೆ ಹೇಳ್ಬೇಡ, ಜಂಭ ಬಂದೀತು. ಅಲ್ಲಿ ಗೇಟ್ ಹತ್ರ ಯಾರೇ ಬಂದು ಹೊಡೀಲಿ, ನಾನು ಇವನೇ ಅಂದ್ಕೋತೀನಿ. ಅವನೂ ಇವನ ಹಾಗೇ ಹೊಡೆದು ಆಮೇಲೆ ಮರೆಗೆ ಹೋಗಿ ಅಳೋನೇ ಇರಬೇಕು ಅಂದ್ಕೋತೀನಿ. ಹಾಗಂದ್ಕೊಂಡ್ರೆ ನಂಗೆ ಅವ್ರ ಮೇಲೆ ಸಿಟ್ಟೂ ಬರಲ್ಲ, ಭಯಾನೂ ಆಗಲ್ಲ. ಈಗಾಗ್ಲೇ ಆಗ್ತಿಲ್ಲ, ನೋಡು."

ಪರದೆ ಕಪ್ಪಾಯಿತು. ದೀಪ ಹತ್ತಬೇಕಿತ್ತು, ಹತ್ತಲಿಲ್ಲ. ಇಡೀ ಸಭೆ ಕತ್ತಲಲ್ಲಿ ಕಾಯಿತು. ಒಬ್ಬರೂ ಶಿಳ್ಳೆ ಹಾಕಲಿಲ್ಲ, "ಲೈಟ್!" ಎಂದು ಕೂಗಲಿಲ್ಲ. ಹಿಂದಿನಿಂದ, ಆ ದೊಡ್ಡ ದನಿ ಒಡೆದು ಒಡೆದು ಬಂತು.

"ಮೇಡಂ, ಆ ಕೊನೇ ಮಾತು ಇನ್ನೊಂದ್ಸಲ ಹಾಕ್ತೀರಾ? ಹದಿಮೂರು ವರ್ಷ ಜೊತೇಲಿದ್ಲು. ನಂಗೆ ಹೇಳೇ ಇರ್ಲಿಲ್ಲ ಅವಳು."

ಕತ್ತಲಲ್ಲಿ ತಡಕಾಡಿ ಆ ಜಾಗ ಹುಡುಕಿದೆ. ಪರದೆ ಮತ್ತೆ ಬೆಳಗಿದಾಗ ಮೊದಲ ಸಾಲಿನ ನಡುವಿನ ಕುರ್ಚಿ ಖಾಲಿಯಿತ್ತು. ಮಗಳು ಹಿಂದೆ ಹೋಗಿ ಅಪ್ಪನ ಪಕ್ಕ ನಿಂತಿದ್ದಳು. ಅವರ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು.